ಬಂಕಿನ ಟ್ಯಾಂಕ್ ಸೋರಿದರೆ: ಮಣ್ಣು ಮತ್ತು ಬಾವಿ ನೀರಿನ ತನಿಖೆಗೆ ಸಮಗ್ರ ಮಾರ್ಗದರ್ಶಿ

ಬಾವಿ ನೀರಿನಲ್ಲಿ ಪೆಟ್ರೋಲ್ ವಾಸನೆ ಬಂತು ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತವೆ. ಒಂದು, ಬಂಕಿನ ಮುಂದೆ ಜಗಳ. ಇನ್ನೊಂದು, ಹೊಸ ಬೋರ್‌ವೆಲ್. ಜಗಳದಿಂದ ನೀರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬೋರ್‌ವೆಲ್ ಹಾಗಲ್ಲ. ಮೇಲಿನ ಮಣ್ಣಿನಲ್ಲಿ ನಿಂತಿದ್ದ ಪೆಟ್ರೋಲಿಗೆ ಅದು ಇನ್ನೂರು ಮುನ್ನೂರು ಅಡಿ ಕೆಳಗಿನ ಬಿರುಕಿನವರೆಗೂ ದಾರಿ ಮಾಡಿಕೊಡಬಹುದು. ಆಮೇಲೆ ಒಂದು ಬಾವಿಯ ತಾಪತ್ರಯ ಇಡೀ ಬೀದಿಯದ್ದಾಗುತ್ತದೆ.

ಅದಕ್ಕೇ ಇಲ್ಲಿ ಕೊರೆಯುವ ಗಾಡಿ ಬರುವುದು ತಡವಾಗಿ. ಬಂಕಿನ ರಿಜಿಸ್ಟರು, ಅಕ್ಕಪಕ್ಕದ ಬಾವಿಗಳು, ಒಂದು ಅಳತೆ ಟೇಪು ಇಷ್ಟಿದ್ದರೆ ತನಿಖೆಯ ದೊಡ್ಡ ಪಾಲು ಮುಗಿಯುತ್ತದೆ. ಬಾವಿ ಕೆಟ್ಟ ಮನೆಯವರು, ಬಂಕ್ ನಡೆಸುವವರು, ಹೊಸದಾಗಿ ಈ ಕೆಲಸಕ್ಕೆ ಇಳಿದ ಭೂವಿಜ್ಞಾನಿಗಳು, ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಉದಾಹರಣೆಗಳೆಲ್ಲ ಕರ್ನಾಟಕದ ನೆಲದವು. ಬೇರೆ ದೇಶದ ಕೈಪಿಡಿಗಳು ಮರಳು ನೆಲವನ್ನು ಲೆಕ್ಕಕ್ಕಿಟ್ಟು ಬರೆದಿರುವುದೇ ಜಾಸ್ತಿ. ನಮ್ಮ ಕಲ್ಲಿಗೆ ಅವು ಪೂರ್ತಿ ಒಗ್ಗುವುದಿಲ್ಲ.

ವಾಸನೆ ಬಂದ ದಿನವೇ ಮಾಡಬೇಕಾದ್ದು

ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4ರಷ್ಟಾದರೆ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಬಾವಿಯ ತಳ, ಸಂಪು, ನೆಲಮಾಳಿಗೆ, ಮ್ಯಾನ್‌ಹೋಲ್ ಇಂಥ ತಗ್ಗು ಜಾಗದಲ್ಲಿ ಹೋಗಿ ಕೂರುತ್ತದೆ. ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ನೀರಿನ ಸುರಂಗಗಳೂ ಇದೇ ಸಾಲಿಗೆ ಸೇರುತ್ತವೆ.

ಯಾರೂ ಬಾವಿಗೆ ಇಳಿಯಬಾರದು. ಬಕೆಟ್ ಬಿದ್ದಿದೆ, ಫುಟ್‌ವಾಲ್ವ್ ನೋಡಬೇಕು, ಯಾವ ನೆಪವೂ ಬೇಡ. ಬಾವಿಯ ಕಟ್ಟೆಯ ಹತ್ತಿರ ಬೀಡಿ, ಬೆಂಕಿಕಡ್ಡಿ, ವೆಲ್ಡಿಂಗ್ ಬೇಡ. ಬಾವಿಯೊಳಗೆ ಮೆಟ್ಟಿಲ ಮೇಲೆ ಕೂರಿಸಿದ ಪಂಪಿದ್ದರೆ ಸ್ವಿಚ್ ಮುಟ್ಟಬೇಡಿ. ದೂರದ ಮೇನ್‌ನಲ್ಲೇ ಕರೆಂಟ್ ತೆಗೆಸಿ. ನೆಲಮಾಳಿಗೆಯಲ್ಲೋ ಚರಂಡಿಯಲ್ಲೋ ಆವಿ ಬರುತ್ತಿದ್ದರೆ ಜನರನ್ನು ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ನೀರು ಕುಡಿಯುವುದನ್ನು, ಅಡುಗೆಗೆ ಬಳಸುವುದನ್ನು ನಿಲ್ಲಿಸಿ. ಕುದಿಸಿ ಕುಡಿದರಾಯ್ತಲ್ಲ ಅನ್ನುವವರು ಇದ್ದೇ ಇರುತ್ತಾರೆ. ಕುದಿಸಿದರೆ ನೀರಿನಲ್ಲಿದ್ದದ್ದು ಅಡುಗೆಮನೆಯ ಗಾಳಿಗೆ ಬರುತ್ತದೆ, ಅಷ್ಟೇ. ಬಿಸಿನೀರಿನ ಸ್ನಾನಕ್ಕೂ ಇದೇ ಮಾತು.

ವಾಸನೆ ಇಲ್ಲ ಅಂದಮಾತ್ರಕ್ಕೆ ನೀರು ಚೆನ್ನಾಗಿದೆ ಅಂತಲ್ಲ. ಪೆಟ್ರೋಲಿನಲ್ಲಿ ನಮಗೆ ಅತಿ ದೊಡ್ಡ ಚಿಂತೆ ಬೆನ್ಜೀನ್. ಅದು ಕ್ಯಾನ್ಸರ್ ತರುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಬೆನ್ಜೀನ್ ಒಂದೇ ಇದ್ದರೆ ಅದರ ವಾಸನೆ ಮೂಗಿಗೆ ಗೊತ್ತಾಗುವುದು ಲೀಟರಿಗೆ ಸುಮಾರು 10 ಮಿಲಿಗ್ರಾಂ ಇದ್ದಾಗ. ನಡುವೆ ಸಾವಿರ ಪಟ್ಟು ವ್ಯತ್ಯಾಸ. ಪೆಟ್ರೋಲಿನ ಬೇರೆ ಅಂಶಗಳು ಬೇಗ ವಾಸನೆ ಕೊಡುವುದರಿಂದ ಸ್ವಲ್ಪ ಮುಂಚೆ ಸುಳಿವು ಸಿಗುತ್ತದೆ. ಆದರೂ ಮೂಗನ್ನು ನಂಬಿಕೊಂಡು ಪಕ್ಕದ ಬಾವಿಗೆ ಸರ್ಟಿಫಿಕೇಟ್ ಕೊಡಬೇಡಿ.

ನೆಲದೊಳಗೆ ಇಂಧನ ಹೇಗೆ ಓಡಾಡುತ್ತದೆ

ಈ ಭಾಗ ಬಿಟ್ಟು ಮುಂದೆ ಹೋಗಬೇಡಿ. ಮುಂದೆ ಮಾಡುವ ಕೆಲಸಕ್ಕೆಲ್ಲ ಇದೇ ಆಧಾರ.

ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ಮೊದಲು ನೇರ ಕೆಳಗೆ ಇಳಿಯುತ್ತದೆ. ದಾರಿಯುದ್ದಕ್ಕೂ ಮಣ್ಣಿಗೆ ಒಂದಿಷ್ಟು ಅಂಟಿಕೊಳ್ಳುತ್ತದೆ, ಒಂದಿಷ್ಟು ಆವಿಯಾಗಿ ಮಣ್ಣಿನ ಸಂದುಗಳಲ್ಲಿ ಹರಡುತ್ತದೆ. ನೀರಿನ ಮಟ್ಟ ಮುಟ್ಟಿದ ಮೇಲೆ ಮುಳುಗುವುದಿಲ್ಲ. ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ, ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಎರಡೂ ನೀರಿಗಿಂತ ಹಗುರ. ಹಾಗಾಗಿ ನೀರಿನ ಮೇಲೆ ಪದರವಾಗಿ ಕೂತು ಇಳಿಜಾರಿನ ಕಡೆ ನಿಧಾನವಾಗಿ ಹರಡುತ್ತದೆ.

ಆ ಪದರದಿಂದ ಬೆನ್ಜೀನ್, ಟಾಲೀನ್, ಈಥೈಲ್‌ಬೆನ್ಜೀನ್, ಝೈಲೀನ್ ನೀರಿಗೆ ಕರಗುತ್ತವೆ. ಈ ನಾಲ್ಕನ್ನು ಒಟ್ಟಾಗಿ ಬಿಟೆಕ್ಸ್ ಅನ್ನುತ್ತಾರೆ. ಈಗಿನ ಬಿಎಸ್-6 ಪೆಟ್ರೋಲಿನಲ್ಲಿ ಬೆನ್ಜೀನ್ ಶೇ. 1ಕ್ಕಿಂತ ಜಾಸ್ತಿ ಇರುವಂತಿಲ್ಲ. ಶೇ. 1 ತಾನೇ ಅಂದುಕೊಳ್ಳಬೇಡಿ. ಅಷ್ಟಿದ್ದರೂ ಪದರಕ್ಕೆ ತಾಗಿದ ನೀರಿನಲ್ಲಿ ಲೀಟರಿಗೆ ಸುಮಾರು 20 ಮಿಲಿಗ್ರಾಂ ಕರಗಬಹುದು. ಅಂದರೆ ಕುಡಿಯುವ ನೀರಿನ ಮಿತಿಯ ಎರಡು ಸಾವಿರ ಪಟ್ಟು. ಡೀಸೆಲ್‌ನಲ್ಲಿ ಬಿಟೆಕ್ಸ್ ಕಡಿಮೆ. ಅದು ಅಷ್ಟು ದೂರ ಓಡುವುದೂ ಇಲ್ಲ, ಆದರೆ ಮಣ್ಣಿನಲ್ಲಿ ತುಂಬ ಕಾಲ ಕಾಡುತ್ತದೆ.

ಇನ್ನೊಂದು ಹೊಸ ಸಂಗತಿ ಎಥೆನಾಲ್. ಈಗ ಪೆಟ್ರೋಲಿಗೆ ಶೇ. 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ನೆಲದೊಳಗಿನ ಬ್ಯಾಕ್ಟೀರಿಯಾ ಬೆನ್ಜೀನನ್ನೂ ತಿನ್ನುತ್ತವೆ, ಆದರೆ ಎಥೆನಾಲ್ ಸಿಕ್ಕಿದರೆ ಮೊದಲು ಅದಕ್ಕೇ ಬಾಯಿ ಹಾಕುತ್ತವೆ. ಅಷ್ಟರಲ್ಲಿ ನೀರಿನ ಆಮ್ಲಜನಕ ಖಾಲಿ. ಬೆನ್ಜೀನ್ ಇನ್ನಷ್ಟು ದೂರ ಹೋಗುತ್ತದೆ. ಹಳೆಯ ಸೋರಿಕೆಗಳ ಅನುಭವದಿಂದ 'ಇಷ್ಟು ಮೀಟರ್ ಆಚೆ ಹೋಗಲ್ಲ ಬಿಡಿ' ಅನ್ನುವ ಅಂದಾಜನ್ನು ಈಗ ಹಾಗೇ ಒಪ್ಪಿಕೊಳ್ಳುವಂತಿಲ್ಲ.

ನೆಲ ಬದಲಾದ ಹಾಗೆ ಕಥೆಯೂ ಬದಲಾಗುತ್ತದೆ. ಕರಾವಳಿಯಲ್ಲಿ ಮೇಲೆ ಮುರಕಲ್ಲು (ಲ್ಯಾಟರೈಟ್), ಕೆಳಗೆ ಜೇಡಿಯಂಥ ನುಣುಪಾದ ಶೇಡಿಮಣ್ಣು. ಮುರಕಲ್ಲಿನಲ್ಲಿ ತೂತುಗಳು, ಸಂದುಗಳು ಬೇಕಾದಷ್ಟಿವೆ. ಪೆಟ್ರೋಲ್ ಸರಸರ ಇಳಿದು ಶೇಡಿಮಣ್ಣಿನ ಮೇಲೆ ಅಡ್ಡಕ್ಕೆ ಓಡುತ್ತದೆ, ಕೆಲವೊಮ್ಮೆ ಗುಡ್ಡದ ಬದಿಯ ಒರತೆಯಲ್ಲಿ ಹೊರಬೀಳುತ್ತದೆ. ಬೆಂಗಳೂರು, ಕೋಲಾರ, ತುಮಕೂರು ಕಡೆ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸಿನಂತೆ ಪುಡಿಯಾದ ಕಲ್ಲು, ಆಮೇಲೆ ಗಟ್ಟಿ ನೈಸ್ ಶಿಲೆ ಅಥವಾ ಗ್ರಾನೈಟ್. ಅಲ್ಲಿ ನೀರು ಓಡುವುದು ಬಿರುಕಿನಲ್ಲಿ. ಬಿರುಕಿನ ದಿಕ್ಕು ನೆಲದ ಇಳಿಜಾರಿಗೆ ಹೊಂದಲೇಬೇಕೆಂದಿಲ್ಲ. ಬಂಕಿಗಿಂತ ಎತ್ತರದಲ್ಲಿರುವ ಮನೆಯ ಬೋರ್‌ವೆಲ್ ಕೆಟ್ಟು, ತಗ್ಗಿನ ಬಾವಿ ಚೆನ್ನಾಗಿರುವುದೂ ಸಾಧ್ಯ. ಎರೆ ಮಣ್ಣಿನ ಸೀಮೆಯಲ್ಲಿ ಮಳೆಗಾಲದಲ್ಲಿ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಅದೇ ಮಣ್ಣಿನ ಎಳೆದಾಟ ಟ್ಯಾಂಕಿನ ಪೈಪುಗಳ ಜಾಯಿಂಟನ್ನೂ ಸಡಿಲ ಮಾಡುತ್ತದೆ.

ಬಂಕಿನ ಲೆಕ್ಕದ ಪುಸ್ತಕ ಓದುವುದು

ಪ್ರತಿ ಬಂಕಿನಲ್ಲೂ ದಿನಾ ಡಿಪ್ ರಾಡ್ ಇಳಿಸಿ ಟ್ಯಾಂಕಿನ ಸ್ಟಾಕ್ ಬರೆಯುತ್ತಾರೆ. ಈಗ ಬಹಳ ಕಡೆ ತಾನೇ ಅಳೆಯುವ ಗೇಜ್ ಕೂಡ ಇದೆ. ಲೆಕ್ಕ ಸುಲಭ. ಮೊದಲಿದ್ದ ಸ್ಟಾಕಿಗೆ ಬಂದ ಲೋಡ್ ಕೂಡಿಸಿ, ಮಾರಿದ್ದನ್ನು ಕಳೆಯಿರಿ. ಉಳಿದದ್ದಕ್ಕೂ ಡಿಪ್ ತೋರಿಸಿದ್ದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಒಂದು ಉದಾಹರಣೆ. ತಿಂಗಳ ಮೊದಲಿಗೆ 8,000 ಲೀಟರ್ ಇತ್ತು. 60,000 ಲೀಟರ್ ಬಂತು. 59,300 ಲೀಟರ್ ಮಾರಾಟವಾಯಿತು. 8,700 ಉಳಿಯಬೇಕು. ಡಿಪ್ ಹೇಳುವುದು 8,250. ಅಂದರೆ 450 ಲೀಟರ್ ಕಮ್ಮಿ. ಇದು ಸೋರಿಕೆಯೇ? ಗೊತ್ತಿಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ತಿಂಗಳ ಲೆಕ್ಕಕ್ಕೆ ಇಟ್ಟಿರುವ ಮಿತಿ, ಮಾರಾಟದ ಶೇ. 1 ಮತ್ತು ಅದರ ಮೇಲೆ 130 ಗ್ಯಾಲನ್, ಅಂದರೆ 492 ಲೀಟರ್. ಇಲ್ಲಿ 593ಕ್ಕೆ 492 ಸೇರಿದರೆ 1,085 ಲೀಟರ್. ನಮ್ಮ 450 ಲೀಟರ್ ಆರಾಮಾಗಿ ಪಾಸ್. ಆದರೆ ತಿಂಗಳಿಗೆ 450 ಲೀಟರ್ ನಿಜವಾಗಿಯೂ ನೆಲಕ್ಕೆ ಹೋಗುತ್ತಿದ್ದರೆ ಸುತ್ತಲಿನ ಬಾವಿಗಳ ಗತಿ? 'ಮಿತಿಯೊಳಗೇ ಇದೆ' ಅನ್ನುವ ಉತ್ತರವನ್ನು ಕೇಳಿ ಸುಮ್ಮನಾಗಬಾರದು ಅನ್ನುವುದು ಇದಕ್ಕೇ.

ಒಂದು ತಿಂಗಳ ಅಂಕಿಗಿಂತ ಓಟ ಮುಖ್ಯ. ಡಿಪ್ ತಪ್ಪು, ಮೀಟರ್ ತಪ್ಪು ಇವೆಲ್ಲ ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಬರುತ್ತವೆ. ಸೋರಿಕೆ ಯಾವಾಗಲೂ ಕಮ್ಮಿಯ ಕಡೆಗೇ ಎಳೆಯುತ್ತದೆ. ಎರಡು ವರ್ಷದ ದಿನದ ವ್ಯತ್ಯಾಸಗಳನ್ನು ಎಕ್ಸೆಲ್‌ನಲ್ಲಿ ಕೂಡಿಸುತ್ತಾ ಹೋಗಿ ಗೆರೆ ಎಳೆಯಿರಿ. ಗೆರೆ ಯಾವ ತಿಂಗಳಿನಿಂದ ಕೆಳಗೆ ಜಾರಲು ಶುರುವಾಯಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಬಿಸಿಲಿನ ಲೆಕ್ಕವನ್ನೂ ಮರೆಯಬೇಡಿ. 12,000 ಲೀಟರ್ ಲೋಡ್ ನೆಲದೊಳಗೆ ಇಳಿದು 10 ಡಿಗ್ರಿ ತಣ್ಣಗಾದರೆ 140 ಲೀಟರಿನಷ್ಟು ಕುಗ್ಗುತ್ತದೆ. ಅದು ಸೋರಿಕೆ ಅಲ್ಲ. ಪೆಟ್ರೋಲಿನಲ್ಲಿ ಆವಿಯ ನಷ್ಟವೂ ಸ್ವಲ್ಪ ಇರುತ್ತದೆ. ಡೀಸೆಲ್ ಟ್ಯಾಂಕಿನಲ್ಲಿ ಅಂಥ ನೆಪ ಕಡಿಮೆ.

ಟ್ಯಾಂಕಿನ ತಳದಲ್ಲಿ ನೀರಿದೆಯಾ ನೋಡುವ ಪೇಸ್ಟ್ ಪರೀಕ್ಷೆಯ ದಾಖಲೆಯನ್ನೂ ಕೇಳಿ. ಕರಾವಳಿಯಲ್ಲಿ ಮಳೆಗಾಲದಲ್ಲಿ ಅಂತರ್ಜಲ ಟ್ಯಾಂಕಿನ ಮಟ್ಟಕ್ಕಿಂತ ಮೇಲೆ ಬರುತ್ತದೆ. ತೂತಿದ್ದರೆ ನೀರು ಒಳಗೆ ಬರುತ್ತದೆ. ಅದೇ ತೂತಿನಿಂದ ಬೇಸಿಗೆಯಲ್ಲಿ ಪೆಟ್ರೋಲ್ ಹೊರಗೆ ಹೋಗುತ್ತದೆ. ಜುಲೈನಲ್ಲಿ ಟ್ಯಾಂಕಿಗೆ ನೀರು ಸೇರಿದ ದಾಖಲೆ ಸಿಕ್ಕಿದರೆ ಅರ್ಧ ಪತ್ತೇದಾರಿ ಮುಗಿದಂತೆ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಪೇಸ್ಟ್ ಸರಿಯಾಗಿ ಬಣ್ಣ ಬದಲಿಸುವುದಿಲ್ಲ. ಅದಕ್ಕೆಂದೇ ಬರುವ ಪೇಸ್ಟ್ ಬಳಸಿದ್ದಾರಾ ವಿಚಾರಿಸಿ.

ಇಷ್ಟಾದ ಮೇಲೆ ಟ್ಯಾಂಕು ಮತ್ತು ಪೈಪ್‌ಲೈನಿನ ಸೋರಿಕೆ ಪರೀಕ್ಷೆ ಮಾಡಿಸಿ. ಪೈಪನ್ನು ಬಿಡಬೇಡಿ, ಬಹಳಷ್ಟು ಸೋರಿಕೆ ಆಗುವುದು ಪೈಪಿನ ಜಾಯಿಂಟಿನಲ್ಲೇ. ಒಳ್ಳೆಯ ಪರೀಕ್ಷೆ ಗಂಟೆಗೆ 0.38 ಲೀಟರ್ ಸೋರಿಕೆಯನ್ನು ಹಿಡಿಯುತ್ತದೆ. ಅಷ್ಟೇ ಸೋರಿದರೂ ವರ್ಷಕ್ಕೆ 3,300 ಲೀಟರ್ ಆಗುತ್ತದೆ. ಹಾಗಾಗಿ 'ಪಾಸ್' ಅಂದರೆ ಅದಕ್ಕಿಂತ ದೊಡ್ಡ ಸೋರಿಕೆ ಆ ದಿನ ಇರಲಿಲ್ಲ ಅಂತ ಮಾತ್ರ. ಹೋದ ವರ್ಷ ರಿಪೇರಿ ಮಾಡಿದ ಪೈಪಿನ ಪಾಪ ಅದರಲ್ಲಿ ಬರುವುದಿಲ್ಲ.

ಯಾರಿಗೆ ತಿಳಿಸಬೇಕು

ಬಂಕಿನ ಮಾಲೀಕರಿಗೆ, ಅವರ ತೈಲ ಕಂಪನಿಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಪೆಟ್ರೋಲಿಯಂ ಲೈಸೆನ್ಸ್ ಕೊಡುವ ಪೆಸೊಗೆ, ಜಿಲ್ಲಾಧಿಕಾರಿಗೆ, ಪಂಚಾಯಿತಿ ಅಥವಾ ನಗರಸಭೆಗೆ ಬರಹದಲ್ಲೇ ತಿಳಿಸಿ. ಸ್ವೀಕೃತಿ ಇಟ್ಟುಕೊಳ್ಳಿ. ಮಂಡಳಿಯವರೇ ಬಂದು ಸ್ಯಾಂಪಲ್ ತೆಗೆಯಲಿ ಅಂತ ಕೇಳಿ. ನೀವೇ ತೆಗೆಸಿದ ರಿಪೋರ್ಟಿಗಿಂತ ಅದಕ್ಕೆ ತೂಕ ಜಾಸ್ತಿ.

ಕಾಲದ ಮಿತಿಯೂ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಪರಿಸರದ ವಿವಾದ ಒಯ್ಯಲು ಕಾರಣ ಹುಟ್ಟಿದ ದಿನದಿಂದ 6 ತಿಂಗಳು. ಪರಿಹಾರ ಕೇಳಲು 5 ವರ್ಷ. ಕರ್ನಾಟಕ ಬರುವುದು ಚೆನ್ನೈನ ದಕ್ಷಿಣ ಪೀಠಕ್ಕೆ. ಮೊದಲ ವಾಸನೆ ಬಂದ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಅದೇ ಆಮೇಲೆ ದೊಡ್ಡ ಪ್ರಶ್ನೆಯಾಗುತ್ತದೆ. ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳನ್ನು ತಂದಿದೆ. ದೂರಿನಲ್ಲಿ ಅದನ್ನೂ ಉಲ್ಲೇಖಿಸಿ.

ಕಾಗದದ ಮೇಲೆ ಚಿತ್ರ

ಈಗ ಒಂದು ನಕ್ಷೆ ಬರೆಯಿರಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್, ಹಳೆಯ ಉಪಗ್ರಹ ಚಿತ್ರದಲ್ಲಿ ಬಂಕಿನ ಹಿಂದಿನ ರೂಪ ಸಿಗುತ್ತದೆ. ಟ್ಯಾಂಕ್ ಎಷ್ಟು, ಯಾವ ವರ್ಷ ಹೂತದ್ದು, ಪೈಪ್ ಎಲ್ಲೆಲ್ಲಿ ಓಡಿದೆ, ಮುಂಚಿನ ಟ್ಯಾಂಕನ್ನು ತೆಗೆದರಾ ಅಥವಾ ಅಲ್ಲೇ ಬಿಟ್ಟರಾ? ಹಳೆಯ ಕೆಲಸಗಾರರನ್ನು ಕೇಳಿ. 2000ನೇ ಇಸವಿಗಿಂತ ಹಿಂದಿನ ಬಂಕಾದರೆ ಪರೀಕ್ಷೆಯ ಪಟ್ಟಿಗೆ ಸೀಸವನ್ನೂ ಸೇರಿಸಿ. ಆ ವರ್ಷದ ಫೆಬ್ರವರಿವರೆಗೂ ನಮ್ಮಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟದಲ್ಲಿತ್ತು.

ಬೇರೆ ಅನುಮಾನಿತರನ್ನೂ ಗುರುತಿಸಿ. ಪಕ್ಕದ ಗ್ಯಾರೇಜು, ಲಾರಿ ನಿಲ್ದಾಣ, ಆಸ್ಪತ್ರೆಯ ಜನರೇಟರಿನ ಡೀಸೆಲ್ ಟ್ಯಾಂಕು, ಹಳೇ ಬಸ್ ಡಿಪೋ. ತಪ್ಪು ಬಂಕಿನದ್ದೇ ಅಂತ ಮೊದಲೇ ತೀರ್ಮಾನಿಸಿ ಹೊರಟರೆ ಕೋರ್ಟಿನಲ್ಲಿ ಎದುರು ವಕೀಲರ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ. ಒಳಚರಂಡಿ, ನೀರಿನ ಪೈಪು, ಕೇಬಲ್ ಹಾಕಲು ತೋಡಿದ ಕಾಲುವೆಗಳನ್ನೂ ನಕ್ಷೆಯಲ್ಲಿ ತೋರಿಸಿ. ಅವುಗಳಲ್ಲಿ ತುಂಬಿದ ಮರಳಿನ ಮೂಲಕ ಆವಿಯೂ ಪೆಟ್ರೋಲೂ ಬೀದಿ ದಾಟುತ್ತವೆ.

ಅಕ್ಕಪಕ್ಕದ ಬಾವಿಗಳ ಸರ್ವೆ

ಬಂಕಿನಿಂದ ಸುತ್ತಲೂ ಸುಮಾರು 500 ಮೀಟರ್ ಒಳಗಿನ ಪ್ರತಿ ಬಾವಿ, ಬೋರ್‌ವೆಲ್ ಪಟ್ಟಿ ಮಾಡಿ. ಆಳ, ಕೇಸಿಂಗ್ ಎಷ್ಟು ಅಡಿ, ನೀರು ಸಿಕ್ಕಿದ್ದು ಎಷ್ಟು ಅಡಿಯಲ್ಲಿ, ಯಾವ ತಿಂಗಳು ವಾಸನೆ ಶುರುವಾಯಿತು, ದಿನಕ್ಕೆ ಎಷ್ಟು ಹೊತ್ತು ಪಂಪ್ ಓಡುತ್ತದೆ. ಬೋರ್‌ವೆಲ್‌ನ ವಿವರ ಮನೆಯ ಯಜಮಾನರಿಗಿಂತ ಕೊರೆದ ಏಜೆಂಟರಿಗೆ ಚೆನ್ನಾಗಿ ನೆನಪಿರುತ್ತದೆ.

ಆಮೇಲೆ ನೀರಿನ ಮಟ್ಟ. ಕಟ್ಟೆಯಿಂದ ನೀರಿಗೆ ಎಷ್ಟು ಅನ್ನುವುದೊಂದೇ ಸಾಲದು. ಎಲ್ಲ ಕಟ್ಟೆಗಳ ಎತ್ತರವನ್ನೂ ಒಂದೇ ಗುರುತಿಗೆ ಹೋಲಿಸಿ ಲೆವೆಲ್ ಮಾಡಿಸಬೇಕು. ಸರ್ವೆಯವರ ಡಂಪಿ ಲೆವೆಲ್ ಸಾಕು. ಬಂಕಿನ ಹಿಂದಿನ ಬಾವಿಯಲ್ಲಿ ನೀರು 96.4 ಮೀಟರ್, ರಸ್ತೆಯಾಚೆ 95.9, ಶಾಲೆಯ ಹತ್ತಿರ 95.2 ಅಂತ ಬಂದರೆ ಹರಿವು ಸುಮಾರಾಗಿ ಶಾಲೆಯ ಕಡೆಗೆ. ದಿಕ್ಕು ಹೇಳಲು ಕನಿಷ್ಠ ಮೂರು ಬಾವಿ ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ಹಿಂದಿನ ರಾತ್ರಿ ಎಲ್ಲರ ಪಂಪೂ ನಿಲ್ಲಿಸಿ, ಬೆಳಗಿನ ಜಾವ ಒಂದೇ ಸಲ ಅಳೆಯಿರಿ. ಒಂದು ತೋಟದ 5 ಎಚ್‌ಪಿ ಮೋಟಾರು ಓಡುತ್ತಿದ್ದರೂ ನೀರು ಅತ್ತ ಕಡೆ ತಿರುಗುತ್ತದೆ.

ಕೆಲವು ಬಾವಿಯಲ್ಲಿ ಪೆಟ್ರೋಲ್ ಪದರವೇ ನಿಂತಿರಬಹುದು. ಬೇಲರ್ ಎಂಬ ನೀರೆತ್ತುವ ಪಾರದರ್ಶಕ ಕೊಳವೆ ಇಳಿಸಿದರೆ ಕಣ್ಣಿಗೇ ಕಾಣುತ್ತದೆ. ಪೆಟ್ರೋಲ್, ನೀರು ಎರಡನ್ನೂ ಬೇರೆಬೇರೆ ಗುರುತಿಸುವ ಇಂಟರ್‌ಫೇಸ್ ಪ್ರೋಬ್ ಇದ್ದರೆ ಇನ್ನೂ ಒಳ್ಳೆಯದು. ಪದರದ ಭಾರ ನೀರನ್ನು ಕೆಳಗೆ ಒತ್ತಿರುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು. 40 ಸೆಂ.ಮೀ. ಪೆಟ್ರೋಲ್ ಇದ್ದರೆ ಅದನ್ನು 0.74ರಿಂದ ಗುಣಿಸಿ, ಬರುವ 29.6 ಸೆಂ.ಮೀ.ಯನ್ನು ನೀರಿನ ಮಟ್ಟಕ್ಕೆ ಕೂಡಿಸಿ. ಬಾವಿಯಲ್ಲಿ 40 ಸೆಂ.ಮೀ. ಇದೆ ಅಂದರೆ ಮಣ್ಣಿನಲ್ಲೂ ಅಷ್ಟೇ ದಪ್ಪ ಇದೆ ಅಂತ ಭಾವಿಸಬೇಡಿ. ಬಾವಿಯಲ್ಲಿ ಸಾಮಾನ್ಯವಾಗಿ ಜಾಸ್ತಿಯೇ ಕಾಣುತ್ತದೆ.

ಮಣ್ಣಿನ ಆವಿ: ಜಿಪ್ ಕವರ್ ಪರೀಕ್ಷೆ

ಇದು ನನಗೆ ಬಹಳ ಇಷ್ಟದ ಹಂತ. ಕಡಿಮೆ ಖರ್ಚು, ಉತ್ತರ ಅಲ್ಲೇ. ಕೈಯಲ್ಲಿ ತಿರುಗಿಸಿ ಮಣ್ಣು ಕೊರೆಯುವ ಆಗರ್‌ನಿಂದ ಒಂದೊಂದು ಮೀಟರಿಗೆ ಮಣ್ಣು ತೆಗೆಯಿರಿ. ಅದನ್ನು ಕೂಡಲೇ ಜಿಪ್ ಕವರಿಗೆ ಅರ್ಧದಷ್ಟು ತುಂಬಿ ಮುಚ್ಚಿ. ಹೆಂಟೆಗಳನ್ನು ಹೊರಗಿನಿಂದಲೇ ಬೆರಳಲ್ಲಿ ಒಡೆಯಿರಿ. ಹತ್ತು ನಿಮಿಷ ನೆರಳಿನಲ್ಲಿ ಬಿಟ್ಟು, ಮತ್ತೆ ಅಲ್ಲಾಡಿಸಿ, ಜಿಪ್ಪಿನ ಮೂಲೆ ಚೂರು ತೆರೆದು ಪಿಐಡಿ ಎಂಬ ಆವಿಮಾಪಕದ ಮೂತಿ ಒಳಗಿಡಿ. ಅತಿ ಹೆಚ್ಚಿನ ಅಂಕಿ ಬರೆದುಕೊಳ್ಳಿ. ಬಂಕಿನಿಂದ ದೂರದ ಶುದ್ಧ ಮಣ್ಣಿನಲ್ಲೂ ಇದನ್ನೇ ಮಾಡಿ, ಹೋಲಿಕೆಗೆ ಅದು ಬೇಕು. ಪಿಐಡಿ ಬಾಡಿಗೆಗೆ ಸಿಗುತ್ತದೆ. ಗ್ಯಾಸ್ ಸೋರಿಕೆ ನೋಡುವ ಸ್ಫೋಟಮಾಪಕ ಇದಕ್ಕೆ ಸಾಲದು. ಅದರಲ್ಲಿ ಶೇ. 100 ಅಂದರೆ ಆವಿ ಹೊತ್ತಿಕೊಳ್ಳುವ ಮಟ್ಟ, ಹಾಗಾಗಿ ಶೇ. 1 ಅಂದರೇ ಗಾಳಿಯಲ್ಲಿ 140 ಪಿಪಿಎಂ (ಹತ್ತು ಲಕ್ಷಕ್ಕೆ 140 ಪಾಲು) ಪೆಟ್ರೋಲ್ ಆವಿ ಇದ್ದಂತೆ.

ಮಳೆಗಾಲದಲ್ಲಿ ಮಣ್ಣು ಒದ್ದೆಯಾಗಿ ಅಂಕಿ ಕಮ್ಮಿ ಬರುತ್ತದೆ. ಡೀಸೆಲ್ ಅಷ್ಟಾಗಿ ಆವಿಯಾಗುವುದಿಲ್ಲ, ಅಲ್ಲೂ ಪಿಐಡಿ ಮಂಕು. ಇದು ಎಲ್ಲಿ ಕೊರೆಯಬೇಕು ಅಂತ ಹೇಳುವ ಉಪಕರಣ. ಲ್ಯಾಬಿನ ಬದಲಿ ಅಲ್ಲ.

ಈಗ ಕೊರೆಯಬಹುದು, ಆದರೆ ಹೀಗೆ

ಮಾಮೂಲಿ ಬೋರ್‌ವೆಲ್ ಲಾರಿಯನ್ನು ಕರೆಯುವ ಮುಂಚೆ ಅದು ಹೇಗೆ ಕೊರೆಯುತ್ತದೆ ನೆನಪಿಸಿಕೊಳ್ಳಿ. ಜೋರು ಗಾಳಿ ಬಿಟ್ಟು ಸುತ್ತಿಗೆಯಂತೆ ಕುಟ್ಟುತ್ತದೆ. ಆ ಗಾಳಿ ಮಣ್ಣಿನ ಪೆಟ್ರೋಲ್ ಆವಿಯನ್ನೆಲ್ಲ ಹಾರಿಸಿಬಿಡುತ್ತದೆ, ಪದರವನ್ನು ಪಕ್ಕದ ಬಿರುಕಿಗೆ ತಳ್ಳುತ್ತದೆ. ಸ್ಯಾಂಪಲ್ಲಿಗೂ ನಷ್ಟ, ಬಾವಿಗೂ ನಷ್ಟ. ಕೇಸಿಂಗನ್ನು ಗಟ್ಟಿ ಕಲ್ಲಿನವರೆಗೆ ಇಳಿಸಿ, ಸುತ್ತಲಿನ ಸಂದನ್ನು ಹಾಗೇ ಬಿಡುತ್ತಾರೆ. ಮೇಲಿನ ಕೊಳೆ ಆ ಸಂದಿನಲ್ಲೇ ಕೆಳಗಿಳಿಯುತ್ತದೆ.

ಮಣ್ಣು ಮತ್ತು ಗರಸಿನಲ್ಲಿ ಗಾಳಿ ಬಳಸದ ಆಗರ್ ಅಥವಾ ಕೋರ್ ಯಂತ್ರ ಬಳಸಿ. ಬಂಕಿನೊಳಗೆ ಲಿಖಿತ ಅನುಮತಿ ಇಲ್ಲದೆ ಏನೂ ಮಾಡಬೇಡಿ. ಅಲ್ಲಿ ಮೊದಲ ಒಂದೂವರೆ ಮೀಟರ್ ಕೈಯಲ್ಲೇ ತೋಡಿ, ನಕ್ಷೆಯಲ್ಲಿ ಇಲ್ಲದ ಪೈಪು ಇದ್ದೇ ಇರುತ್ತದೆ. ಕನಿಷ್ಠ ಐದು ಕಡೆ: ಟ್ಯಾಂಕಿನ ಪಕ್ಕ ಒಂದು, ಹರಿವಿನ ಕೆಳಕ್ಕೆ ಮೂರು, ಮೇಲಕ್ಕೆ ಒಂದು. ಮೇಲಿನದ್ದು ಇಲ್ಲದಿದ್ದರೆ ಕೊಳೆ ಬೇರೆ ಕಡೆಯಿಂದ ಬಂತು ಅನ್ನುವ ವಾದಕ್ಕೆ ಉತ್ತರವಿಲ್ಲ.

ಗಟ್ಟಿ ಕಲ್ಲಿನ ಒಳಗೆ ಹೋಗಲೇಬೇಕಾದರೆ ಎರಡು ಹಂತ. ಮೊದಲು ಅಗಲ ತೂತು ಕೊರೆದು ಕಲ್ಲಿನವರೆಗೆ ಕೇಸಿಂಗ್ ಇಳಿಸಿ, ಸುತ್ತಲೂ ಸಿಮೆಂಟು ಗ್ರೌಟ್ ತುಂಬಿ. ಅದು ಗಟ್ಟಿಯಾದ ಮೇಲೆ ಒಳಗಿಂದ ಸಣ್ಣ ತೂತು ಕೊರೆದು ಕೆಳಗೆ ಹೋಗಿ.

ನೀರಿನ ನಿಗಾ ಬಾವಿಗೆ, ಅಂದರೆ ನೀರನ್ನು ಆಗಾಗ ಅಳೆದು ಪರೀಕ್ಷಿಸಲೆಂದೇ ಮಾಡಿದ ಬಾವಿಗೆ, ಸೀಳುಗಳಿರುವ ಪೈಪು ನೀರಿನ ಮಟ್ಟವನ್ನು ದಾಟಿ ಮೇಲಕ್ಕೂ ಇರಬೇಕು. ಇಲ್ಲಾಂದರೆ ತೇಲುವ ಪದರ ಒಳಗೆ ಬರುವುದೇ ಇಲ್ಲ. ಮಳೆಗಾಲಕ್ಕೂ ಏಪ್ರಿಲ್-ಮೇಗೂ ಮಟ್ಟದಲ್ಲಿ ಏಳೆಂಟು ಮೀಟರ್ ಅಂತರ ಇದ್ದರೆ ಒಂದೇ ಬಾವಿಯಲ್ಲಿ ನಿಭಾಯಿಸಬೇಡಿ. ಪಕ್ಕಪಕ್ಕ ಎರಡು ಮಾಡಿ, ಒಂದು ಮೇಲಿನ ಮಟ್ಟಕ್ಕೆ, ಒಂದು ಕೆಳಗಿನದಕ್ಕೆ. ಪೈಪಿನ ಸುತ್ತ ತೊಳೆದ ಜಲ್ಲಿ, ಅದರ ಮೇಲೆ ಬೆಂಟೊನೈಟ್ ಜೇಡಿ, ಅದರ ಮೇಲೆ ಸಿಮೆಂಟು, ಕೊನೆಗೆ ಬೀಗ ಹಾಕುವ ಮುಚ್ಚಳ. ಪಿವಿಸಿ ಪೈಪನ್ನು ಥ್ರೆಡ್ ತಿರುಗಿಸಿ ಜೋಡಿಸಿ. ಪ್ಲಂಬರ್ ಅಂಟು ಬಳಿಯದಂತೆ ಕಾದು ನೋಡಿಕೊಳ್ಳಿ. ಆ ಅಂಟಿನಲ್ಲಿರುವ ದ್ರಾವಕಗಳು ನೀರಿಗೆ ಬಂದು ಲ್ಯಾಬಿನ ರಿಪೋರ್ಟನ್ನು ಹಾಳುಮಾಡುತ್ತವೆ.

ಸ್ಯಾಂಪಲ್ ತೆಗೆಯುವುದು

ಕೋಲಾ ಬಾಟಲಿಯಲ್ಲಿ ನೀರು ತುಂಬಿ ಬಸ್ಸಿನಲ್ಲಿ ಲ್ಯಾಬಿಗೆ ಕಳಿಸಿದರೆ ದುಡ್ಡು ದಂಡ. ಬೆನ್ಜೀನ್ ದಾರಿಯಲ್ಲೇ ಹಾರಿಹೋಗಿರುತ್ತದೆ. ಲ್ಯಾಬಿನವರಿಂದ 40 ಮಿ.ಲೀ. ಕಂದು ಗಾಜಿನ ಬಾಟಲಿ ತರಿಸಿ. ಪಂಪನ್ನು ನಿಮಿಷಕ್ಕೆ ಅರ್ಧ ಲೀಟರ್ ಮೀರದಂತೆ ನಿಧಾನ ಓಡಿಸಿ. ಪಿಎಚ್, ವಾಹಕತೆ, ಕರಗಿದ ಆಮ್ಲಜನಕದ ಅಂಕಿಗಳು ನಿಂತ ಮೇಲೆ ತುಂಬಿ. ಬಾಟಲಿಯ ಬಾಯಿಯಲ್ಲಿ ನೀರು ಉಬ್ಬಿ ನಿಲ್ಲುವವರೆಗೆ ತುಂಬಿ ಮುಚ್ಚಳ ತಿರುಗಿಸಿ, ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ. ಗುಳ್ಳೆ ಮೇಲೇರಿದರೆ ಅದನ್ನು ಎಸೆದು ಹೊಸ ಬಾಟಲಿ ತಗೊಳ್ಳಿ. ಬಾಟಲಿಯಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಐಸಿನಲ್ಲಿಟ್ಟರೆ 14 ದಿನ ಸಮಯ ಸಿಗುತ್ತದೆ. ಆದರೆ ಸುಣ್ಣದಂಶ ಜಾಸ್ತಿ ಇರುವ ಗಡಸು ನೀರಿನಲ್ಲಿ ಈ ಆಮ್ಲ ನೊರೆಬಂದು ಗುಳ್ಳೆ ಎಬ್ಬಿಸುತ್ತದೆ. ಬಯಲುಸೀಮೆಯ ಬೋರ್‌ವೆಲ್‌ಗಳಲ್ಲಿ ಇದು ಮಾಮೂಲಿ. ಅಂಥ ಕಡೆ ಆಮ್ಲವಿಲ್ಲದ ಬಾಟಲಿಯಲ್ಲಿ ತುಂಬಿ, 7 ದಿನದೊಳಗೆ ಪರೀಕ್ಷೆ ಮುಗಿಸಲು ಹೇಳಿ.

ಮಣ್ಣಿನಲ್ಲೂ ಹಾಗೇ. ಸುಮಾರು 5 ಗ್ರಾಂ ಮಣ್ಣನ್ನು ಅಲ್ಲೇ ಮೆಥನಾಲ್ ಇರುವ ಬಾಟಲಿಗೆ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದ ಮಣ್ಣಿನ ಬೆನ್ಜೀನ್ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಕಡಿಮೆ ಕೊಳೆಯ ಬಾವಿಯಿಂದ ಶುರುಮಾಡಿ ಜಾಸ್ತಿ ಕೊಳೆಯದ್ದಕ್ಕೆ ಹೋಗಿ. ಪ್ರತಿ ಬಾವಿಗೆ ಹೊಸ ಗ್ಲೌಸ್, ಹೊಸ ಟ್ಯೂಬ್. ಬರುವ ದಾರಿಯಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡ ಹುಡುಗನ ಕೈಗೆ ಬಾಟಲಿ ಕೊಡಬೇಡಿ. ಜನರೇಟರ್ ಇದ್ದರೆ ಅದರ ಹೊಗೆ ನಿಮ್ಮ ಕಡೆ ಬಾರದ ಹಾಗೆ ಗಾಳಿ ನೋಡಿ ನಿಲ್ಲಿಸಿ. ಲ್ಯಾಬಿನಿಂದ ಶುದ್ಧ ನೀರಿನ ಒಂದು ಬಾಟಲಿ ಹೊರಟು, ತೆರೆಯದೆ ಹಾಗೇ ವಾಪಸ್ ಹೋಗಲಿ. ಅದರಲ್ಲೂ ಬೆನ್ಜೀನ್ ಬಂದರೆ ತಪ್ಪು ಪೆಟ್ಟಿಗೆಯದ್ದು. ಹತ್ತಕ್ಕೊಂದು ಸ್ಯಾಂಪಲನ್ನು ಎರಡು ಬಾಟಲಿ ತೆಗೆದು ಬೇರೆಬೇರೆ ಹೆಸರಿನಲ್ಲಿ ಕಳಿಸಿ.

ಲ್ಯಾಬಿಗೆ ಏನು ಕೇಳಬೇಕು

ಇಲ್ಲಿ ಎಡವುವವರು ತುಂಬ ಜನ. 'ಆಯಿಲ್ ಅಂಡ್ ಗ್ರೀಸ್' ಪರೀಕ್ಷೆ ಮಾಡಿಸಿ, 'ಪತ್ತೆಯಾಗಿಲ್ಲ' ಅಂತ ರಿಪೋರ್ಟ್ ಬಂದರೆ ಎಲ್ಲರೂ ನಿರಾಳರಾಗುತ್ತಾರೆ. ಆ ಪರೀಕ್ಷೆಯಲ್ಲಿ ನೀರಿನಿಂದ ಎಣ್ಣೆಯನ್ನು ದ್ರಾವಕಕ್ಕೆ ಎಳೆದು, ದ್ರಾವಕವನ್ನು ಬಿಸಿಮಾಡಿ ಹಾರಿಸಿ, ಉಳಿದದ್ದನ್ನು ತೂಗುತ್ತಾರೆ. ಪೆಟ್ರೋಲ್ ದ್ರಾವಕದ ಜೊತೆಗೇ ಹಾರಿಹೋಗುತ್ತದೆ! ತೂಗಲು ಉಳಿಯುವುದೇನು? ಪೆಟ್ರೋಲ್ ಸೋರಿಕೆಗೆ ಈ ಪರೀಕ್ಷೆ ಉಪಯೋಗಕ್ಕಿಲ್ಲ.

ಕೇಳಬೇಕಾದ್ದು ರಾಸಾಯನಿಕಗಳನ್ನು ಬೇರ್ಪಡಿಸಿ ಒಂದೊಂದಾಗಿ ಗುರುತಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಬಿಟೆಕ್ಸ್, ನ್ಯಾಫ್ತಲೀನ್, ಮತ್ತು ಪೆಟ್ರೋಲಿಗೆ ಬೆರೆಸುವ ಎಂಟಿಬಿಇ. ಜೊತೆಗೆ ಒಟ್ಟು ಪೆಟ್ರೋಲಿಯಂ ಹೈಡ್ರೊಕಾರ್ಬನ್, ಅದೂ ಪೆಟ್ರೋಲ್ ಶ್ರೇಣಿ ಮತ್ತು ಡೀಸೆಲ್ ಶ್ರೇಣಿ ಬೇರೆಬೇರೆಯಾಗಿ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅಂದರೆ ಸಾಲದು. ನೀರಿನಲ್ಲಿ ಬೆನ್ಜೀನ್ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯಲ್ಲಿದೆಯಾ, ಎಷ್ಟು ಕಡಿಮೆ ಇದ್ದರೆ ಹಿಡಿಯಬಲ್ಲರು ಅಂತ ಮೊದಲೇ ಬರಹದಲ್ಲಿ ಪಡೆಯಿರಿ. ಲೀಟರಿಗೆ 1 ಮೈಕ್ರೊಗ್ರಾಂ ಹಿಡಿಯುವಂತಿರಬೇಕು. 50 ಮೈಕ್ರೊಗ್ರಾಂ ಕೆಳಗೆ ಕಾಣದ ಲ್ಯಾಬಿನ 'ಪತ್ತೆಯಾಗಿಲ್ಲ', 10 ಮೈಕ್ರೊಗ್ರಾಂ (ಅಂದರೆ 0.01 ಮಿಲಿಗ್ರಾಂ) ಮಿತಿ ಕೇಳುವವರಿಗೆ ಏನನ್ನೂ ಹೇಳುವುದಿಲ್ಲ.

ಕರಗಿದ ಆಮ್ಲಜನಕ, ನೈಟ್ರೇಟ್, ಸಲ್ಫೇಟ್, ಕರಗಿದ ಕಬ್ಬಿಣ, ಮೀಥೇನ್ ಇವನ್ನೂ ನೋಡಿಸಿ. ಬ್ಯಾಕ್ಟೀರಿಯಾ ಇಂಧನವನ್ನು ತಿನ್ನುತ್ತಿದ್ದರೆ ಮೊದಲ ಮೂರು ಕುಸಿಯುತ್ತವೆ, ಕೊನೆಯ ಎರಡು ಏರುತ್ತವೆ. ಮುರಕಲ್ಲಿನಲ್ಲಿ ಕಬ್ಬಿಣ ಧಾರಾಳ ಇರುವುದರಿಂದ ಈ ಬದಲಾವಣೆ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಅಂಕಿಗಳನ್ನು ಓದುವುದು

ತಾಜಾ ಸೋರಿಕೆಯ ಹತ್ತಿರ ಬೆನ್ಜೀನ್, ಟಾಲೀನ್ ಜಾಸ್ತಿ ಇರುತ್ತವೆ. ಹಳತಾದಂತೆ ಅವು ಕರಗಿ, ತಿನ್ನಿಸಿಕೊಂಡು ಕಮ್ಮಿಯಾಗಿ ಈಥೈಲ್‌ಬೆನ್ಜೀನ್, ಝೈಲೀನ್ ಉಳಿಯುತ್ತವೆ. ಈ ಎರಡು ಜೋಡಿಗಳ ಅನುಪಾತ ನೋಡಿ ಸೋರಿಕೆ ಈಗಲೂ ನಡೆಯುತ್ತಿದೆಯಾ ಅಂತ ಅಂದಾಜು ಮಾಡಬಹುದು. ಇಂಥದ್ದೇ ತಿಂಗಳು ಸೋರಿತು ಅಂತ ಅದರಿಂದ ಹೇಳಲಾಗದು. ಹಾಗೆ ಹೇಳುವ ತಜ್ಞರನ್ನು ಸ್ವಲ್ಪ ಅನುಮಾನದಿಂದ ನೋಡಿ.

ಒಂದೇ ಸಲದ ಅಂಕಿ ನಂಬಿ ಫೈಲ್ ಮುಚ್ಚಬೇಡಿ. ಮಳೆಗಾಲದಲ್ಲಿ ನೀರು ಏರಿದಾಗ ಪೆಟ್ರೋಲ್ ಮಣ್ಣಿನ ಸಂದುಗಳಲ್ಲಿ ನೀರಿನ ಕೆಳಗೆ ಸಿಕ್ಕಿಕೊಳ್ಳುತ್ತದೆ, ಬಾವಿಯಲ್ಲಿ ಪದರ ಮಾಯವಾಗುತ್ತದೆ. 'ಮಳೆಗೆ ತೊಳೆದುಹೋಯ್ತು ಬಿಡಿ' ಅಂತ ಊರೆಲ್ಲ ಮಾತು. ಮಾರ್ಚ್ ಬಂದು ನೀರು ಇಳಿದರೆ ಅದೇ ಪೆಟ್ರೋಲ್ ಹಾಜರ್. ಮೇ, ಆಗಸ್ಟ್, ನವೆಂಬರ್, ಫೆಬ್ರವರಿ ಹೀಗೆ ವರ್ಷದಲ್ಲಿ ನಾಲ್ಕು ಸಲವಾದರೂ ಅದೇ ಬಾವಿಗಳಿಂದ ಅದೇ ರೀತಿ ತೆಗೆಯಬೇಕು.

ತನಿಖೆ ಯಾವಾಗ ಮುಗಿಯಿತು? ಎಲ್ಲ ದಿಕ್ಕಿನಲ್ಲೂ, ಆಳದಲ್ಲೂ ಒಂದು ಶುದ್ಧ ಸ್ಯಾಂಪಲ್ ಸಿಕ್ಕಿ ಕೊಳೆಯ ಅಂಚು ಗೊತ್ತಾದಾಗ. ಒಂದು ಕಡೆ ಅಂಚು ಸಿಗಲಿಲ್ಲ ಅಂದರೆ ಆ ಕಡೆ ಇನ್ನೊಂದು ನಿಗಾ ಬಾವಿ ಬೇಕು. ಬಜೆಟ್ ಮುಗಿಯಿತು ಅನ್ನುವುದು ಅಂಚಲ್ಲ.

ವರದಿಯಲ್ಲಿ ಮೇಲಿನಿಂದ ನೋಡಿದ ನಕ್ಷೆಯ ಜೊತೆ ನೆಲವನ್ನು ಸೀಳಿ ನೋಡಿದಂಥ ಅಡ್ಡಕೊಯ್ತದ ಚಿತ್ರವೂ ಇರಲಿ. ಟ್ಯಾಂಕು, ಮಣ್ಣಿನ ಪದರ, ಬೇಸಿಗೆ ಮತ್ತು ಮಳೆಗಾಲದ ನೀರಿನ ಮಟ್ಟ, ಬಾವಿಗಳ ಆಳ, ಬೆನ್ಜೀನ್ ಅಂಕಿ ಎಲ್ಲ ಒಂದೇ ಹಾಳೆಯಲ್ಲಿ. ಹಿರಿಯ ಅಧಿಕಾರಿ ನೂರು ಪುಟ ಓದುವುದಿಲ್ಲ, ಈ ಹಾಳೆಯನ್ನು ನೋಡೇ ನೋಡುತ್ತಾರೆ. ಲ್ಯಾಬಿನ ಮೂಲ ಹಾಳೆಗಳು, ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಸಹಿ ಪತ್ರ, ಕೊರೆದ ಪ್ರತಿ ತೂತಿನ ದಾಖಲೆ ಇವನ್ನು ಹಿಂದೆ ಲಗತ್ತಿಸಿ. ಬಾವಿ ಕೆಟ್ಟ ಮನೆಯವರಿಗೆ ಅವರ ಬಾವಿಯ ಅಂಕಿಗಳನ್ನು ಕನ್ನಡದಲ್ಲಿ ಒಂದು ಪುಟ ಬರೆದು, ವರದಿ ಸಲ್ಲಿಸಿದ ದಿನವೇ ಕೊಡಿ.